‘ಟು’ ಬದಲು ‘ಬೈ’ ಬಂದರೆ ಏನಾಗುತ್ತೆ: ಆಫೀಸ್ ಇಂಗ್ಲಿಷಿನ ಪ್ರಿಪೊಸಿಷನ್ ದೋಷ ನಿವಾರಣೆ

ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನ ಆಫೀಸಿನಲ್ಲಿ ಮೇಲ್ ಬರೆಯುವುದು ನನ್ನ ಕೆಲಸ. ಕೊಟೇಶನ್, ರಿಮೈಂಡರ್, ಡೀಲರ್‌ಗಳಿಗೆ ಸರ್ಕ್ಯುಲರ್, ಎಲ್ಲ ಇಂಗ್ಲಿಷಿನಲ್ಲೇ. ಒಮ್ಮೆ ನಮ್ಮ ಯಜಮಾನರು ಕ್ಯಾಬಿನ್ ಒಳಗಿಂದಲೇ ಕೂಗಿ ಹೇಳಿದರು: “ಡೀಲರ್ ಮಾರ್ಜಿನ್ ಎಂಟು ಪರ್ಸೆಂಟಿಗೆ ಏರಿಸಿದ್ದೀವಿ ಅಂತ ಒಂದು ಮೇಲ್ ಹಾಕಪ್ಪ.” ಅಲ್ಲಿಯವರೆಗೆ ಮಾರ್ಜಿನ್ 5 ಪರ್ಸೆಂಟ್ ಇತ್ತು. ನಾನು ಬರೆದದ್ದು “ಇನ್‌ಕ್ರೀಸ್ಡ್ ಬೈ 8 ಪರ್ಸೆಂಟ್” ಅಂತ. ಮುಂದಿನ ತಿಂಗಳು ಒಬ್ಬ ಡೀಲರ್ 13 ಪರ್ಸೆಂಟ್ ಹಿಡಿದುಕೊಂಡು ಉಳಿದ ದುಡ್ಡು ಕಳಿಸಿದರು. ತಪ್ಪು ಅವರದಲ್ಲ. ನನ್ನ ಮೇಲ್‌ನಲ್ಲಿ ಇದ್ದದ್ದನ್ನೇ ಅವರು ಓದಿದ್ದರು.

ಯಜಮಾನರ ಮಾತಿನಲ್ಲಿ ‘ಗೆ’ ಇತ್ತು, ಎಂಟು ಪರ್ಸೆಂಟಿಗೆ. ಆ ‘ಗೆ’ ನನ್ನ ಕಿವಿಗೆ ಬಿದ್ದಿತ್ತು, ಕೈಗೆ ಬರಲಿಲ್ಲ ಅಷ್ಟೆ.

ಆಮೇಲೆ ನನ್ನ ತಪ್ಪುಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲು ಶುರು ಮಾಡಿದೆ. ಪ್ರಿಪೊಸಿಷನ್, ಅಂದರೆ ಟು, ಬೈ, ಇನ್ ಥರದ ಪುಟ್ಟ ಪದಗಳ ಪಟ್ಟಿ ಬಾಯಿಪಾಠ ಮಾಡಿ ನನಗಂತೂ ಉಪಯೋಗ ಆಗಿಲ್ಲ. ನಾವು ವಾಕ್ಯ ಕಟ್ಟುವುದು ಕನ್ನಡದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವ ಪದ ಮೊದಲೇ ಬಂದು ನಿಲ್ಲುತ್ತದೆ. ನಮ್ಮ ಒಂದು ‘ಗೆ’ ಅಲ್ಲಿ ಟು, ಫಾರ್, ಅಟ್ ಯಾವುದೂ ಆಗಬಹುದು, ಏನೂ ಇಲ್ಲದೆಯೂ ಹೋಗಬಹುದು. ‘ಅಲ್ಲಿ’ ಅನ್ನುವುದು ಇನ್, ಆನ್, ಅಟ್ ಆಗಿ ಒಡೆಯುತ್ತದೆ. ‘ಇಂದ’ ಅಂತೂ ಫ್ರಮ್, ಸಿನ್ಸ್, ಫಾರ್, ಬೈ, ವಿತ್ ಅಂತ ಐದು ದಿಕ್ಕಿಗೆ ಹೋಗುತ್ತದೆ. ಪ್ಲಂಬರ್ ಬಂದರೆ ಮೊದಲು ಜಾಯಿಂಟ್ ಮುಟ್ಟಿ ನೋಡುತ್ತಾನಲ್ಲ, ಹಾಗೆ ಸೋರಿಕೆ ಇರುವುದು ಈ ಜಾಯಿಂಟ್‌ನಲ್ಲೇ.

ಶುರು ಮಾಡುವ ಮುನ್ನ

ಬೇಕಾದ ಸಾಮಾನು ಒಂದೇ. ಅನುಮಾನ ಬಂದ ವಾಕ್ಯವನ್ನು ಕನ್ನಡದಲ್ಲಿ, ನೀವು ಪಕ್ಕದ ಟೇಬಲ್‌ನವರಿಗೆ ಹೇಳುವ ಹಾಗೆ, ಒಂದು ಚೀಟಿಯಲ್ಲಿ ಬರೆಯಿರಿ. ಪ್ರತ್ಯಯಗಳ ಕೆಳಗೆ ಗೆರೆ ಎಳೆಯಿರಿ.

ಒಂದು ಎಚ್ಚರಿಕೆ. ಕರಡು ಮೇಲ್‌ನಲ್ಲಿ ಎಷ್ಟು ಬೇಕಾದರೂ ತಿದ್ದಿ. ಸಹಿ ಬಿದ್ದ ಅಗ್ರಿಮೆಂಟ್, ಬ್ಯಾಂಕಿಗೆ ಹೋಗುವ ಕಾಗದ, ಗ್ರಾಹಕರು ಕಳಿಸಿದ ಪರ್ಚೇಸ್ ಆರ್ಡರ್, ಇವುಗಳಲ್ಲಿ “ಇಂಗ್ಲಿಷ್ ಸರಿ ಮಾಡ್ತೀನಿ” ಅಂತ ಒಂದು ಅಕ್ಷರವನ್ನೂ ಮುಟ್ಟಬೇಡಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಲಕ್ಷಣ: ವಾಕ್ಯದಲ್ಲಿ ಒಂದು ಪದ ಜಾಸ್ತಿ ಇದೆ ಅನ್ನಿಸುತ್ತಿದೆ

“ಲೆಟ್ ಅಸ್ ಡಿಸ್ಕಸ್ ಅಬೌಟ್ ದ ಪ್ರೈಸ್.” ದರದ ಬಗ್ಗೆ ಚರ್ಚೆ ಮಾಡೋಣ. ‘ಬಗ್ಗೆ’ ಇರುವುದಕ್ಕೆ ‘ಅಬೌಟ್’ ಬಂದಿದೆ. ಆದರೆ ಡಿಸ್ಕಸ್ ಅನ್ನುವ ಕ್ರಿಯಾಪದದ ಹೊಟ್ಟೆಯಲ್ಲೇ ಆ ‘ಬಗ್ಗೆ’ ಇದೆ. “ಡಿಸ್ಕಸ್ ದ ಪ್ರೈಸ್” ಅಂದರೆ ಸಾಕು.

ಪರೀಕ್ಷೆ ತುಂಬ ಸುಲಭ: ಪ್ರಿಪೊಸಿಷನ್ ಮುಂಚೆ ಇರುವ ಪದ ಕ್ರಿಯಾಪದವೋ ನಾಮಪದವೋ ನೋಡಿ. ಡಿಸ್ಕಸ್ ಕ್ರಿಯಾಪದ, ಏನೂ ಬೇಡ. ಡಿಸ್ಕಶನ್ ನಾಮಪದ, ಅದಕ್ಕೆ “ಡಿಸ್ಕಶನ್ ಅಬೌಟ್” ಅಥವಾ “ಡಿಸ್ಕಶನ್ ಆನ್” ಬೇಕು. ನಮ್ಮ ಆಫೀಸಿನ ರಜೆ ಅರ್ಜಿಗಳಲ್ಲಿ ಅರ್ಧಕ್ಕರ್ಧ “ಐ ರಿಕ್ವೆಸ್ಟ್ ಫಾರ್ ಟೂ ಡೇಸ್ ಲೀವ್” ಅಂತಲೇ ಶುರುವಾಗುತ್ತವೆ. ಇಲ್ಲಿ ರಿಕ್ವೆಸ್ಟ್ ಕ್ರಿಯಾಪದ, ಫಾರ್ ಬೇಡ. “ಮೈ ರಿಕ್ವೆಸ್ಟ್ ಫಾರ್ ಲೀವ್” ಅಂದಾಗ ಅದೇ ರಿಕ್ವೆಸ್ಟ್ ನಾಮಪದ, ಫಾರ್ ಬೇಕು. ಆರ್ಡರ್ ಕೂಡ ಹಾಗೇ. “ವಿ ಆರ್ಡರ್ಡ್ 200 ಬ್ರಾಕೆಟ್ಸ್”, ಆದರೆ “ವಿ ಪ್ಲೇಸ್ಡ್ ಆ್ಯನ್ ಆರ್ಡರ್ ಫಾರ್ 200 ಬ್ರಾಕೆಟ್ಸ್”. ಎಂಫಸೈಸ್ ಮಾಡುವಾಗ ಆನ್ ಇಲ್ಲ, ಎಂಫಸಿಸ್ ಕೊಡುವಾಗ ಆನ್ ಇದೆ. ಒಂದೇ ಕೀಲಿಯಿಂದ ಇಷ್ಟು ಬೀಗ ತೆರೆಯುತ್ತವೆ.

ಇನ್ನೊಂದು ಗುಂಪು ‘ಗೆ’ಯಿಂದ ಬರುತ್ತದೆ. ನನಗೆ ಕಾಲ್ ಮಾಡಿ, “ಕಾಲ್ ಟು ಮಿ”. ಅವರಿಗೆ ತಿಳಿಸಿದ್ದೀವಿ, “ಇನ್ಫಾರ್ಮ್ಡ್ ಟು ದೆಮ್”. ಸ್ಟೇಷನ್‌ಗೆ ತಲುಪಿದೆ, “ರೀಚ್ಡ್ ಟು ದ ಸ್ಟೇಷನ್”. ಮೂರರಲ್ಲೂ ಟು ಕಿತ್ತುಹಾಕಿ. ಕಾಲ್, ಇನ್ಫಾರ್ಮ್, ರೀಚ್, ಟೆಲ್, ಆಸ್ಕ್, ಕಾಂಟ್ಯಾಕ್ಟ್ ಇವೆಲ್ಲ ನೇರವಾಗಿ ವ್ಯಕ್ತಿಯ ಕೈ ಹಿಡಿಯುತ್ತವೆ.

ಎರಡು ಕಡೆ ಮಾತ್ರ ಕಣ್ಣು ಮುಚ್ಚಿ ಕೀಳಬೇಡಿ. “ಅಟೆಂಡ್ ದ ಮೀಟಿಂಗ್” ಅಂದರೆ ಮೀಟಿಂಗ್‌ಗೆ ಹಾಜರಾಗುವುದು. “ಅಟೆಂಡ್ ಟು ದ ಕಂಪ್ಲೇಂಟ್” ಅಂದರೆ ದೂರನ್ನು ಕೈಗೆತ್ತಿಕೊಂಡು ಸರಿಮಾಡುವುದು. “ಎಂಟರ್ ದ ಫ್ಯಾಕ್ಟರಿ”ಗೆ ಇಂಟು ಬೇಡ, “ಎಂಟರ್ ಇಂಟು ಆ್ಯನ್ ಅಗ್ರಿಮೆಂಟ್”ಗೆ ಬೇಕು.

ಈ ದೋಷದಿಂದ ದುಡ್ಡು ಹೋಗುವುದಿಲ್ಲ. ಓದುವವರಿಗೆ ಅರ್ಥ ಆಗೇ ಆಗುತ್ತದೆ. ‘ಡಿಸ್ಕಸ್ ಅಬೌಟ್’ ಅನ್ನುವವರು ಕನ್ನಡಿಗರಷ್ಟೇ ಅಲ್ಲ, ದೇಶದ ಎಲ್ಲ ಕಡೆ ಸಿಗುತ್ತಾರೆ. ಸಮಯ ಇದ್ದರೆ ತಿದ್ದಿ, ಇಲ್ಲದಿದ್ದರೆ ಕಳಿಸಿ, ತಲೆ ಹೋಗುವ ವಿಷಯ ಅಲ್ಲ.

ಲಕ್ಷಣ: ಒಂದು ಪದ ಕಡಿಮೆ ಇದೆ

“ವಿ ಆರ್ ವೇಟಿಂಗ್ ಯುವರ್ ರಿಪ್ಲೈ.” ನಿಮ್ಮ ಉತ್ತರ ಕಾಯ್ತಾ ಇದ್ದೀವಿ ಅನ್ನುವಾಗ ಕನ್ನಡದಲ್ಲಿ ಪ್ರತ್ಯಯವೇ ಕಾಣುವುದಿಲ್ಲ, ಹಾಗಾಗಿ ಇಂಗ್ಲಿಷಿನಲ್ಲೂ ಬಿಟ್ಟುಹೋಗುತ್ತದೆ. ವೇಟ್‌ಗೆ ಫಾರ್ ಬೇಕು, ಅವೇಟ್‌ಗೆ ಬೇಡ. ಎರಡನ್ನೂ ಕಲಸಿ “ಅವೇಟಿಂಗ್ ಫಾರ್” ಮಾಡುವವರೂ ಇದ್ದಾರೆ, ನಾನೂ ಮಾಡಿದ್ದೇನೆ. ಸ್ಕ್ರ್ಯಾಪ್ ವಿಲೇವಾರಿ ಮಾಡಿದರೆ “ಡಿಸ್ಪೋಸ್ಡ್ ಆಫ್ ದ ಸ್ಕ್ರ್ಯಾಪ್”. ಎಕ್ಸ್‌ಪ್ಲೇನ್ ಮಾಡುವಾಗ “ಎಕ್ಸ್‌ಪ್ಲೇನ್ಡ್ ಹಿಮ್” ಅಲ್ಲ, “ಎಕ್ಸ್‌ಪ್ಲೇನ್ಡ್ ಟು ಹಿಮ್”. ಟೆಲ್‌ಗೆ ಟು ಬೇಡ, ಎಕ್ಸ್‌ಪ್ಲೇನ್‌ಗೆ ಬೇಕು. ಇದಕ್ಕೆ ಕಾರಣ ಹುಡುಕುತ್ತಾ ಕೂತರೆ ಸಂಜೆಯಾಗುತ್ತೆ, ಸುಮ್ನೆ ನೆನಪಿಟ್ಟುಕೊಳ್ಳಿ.

ಲಕ್ಷಣ: ವಿಳಾಸ, ಮಹಡಿ, ರಜೆ

ಮೂರನೇ ಮಹಡಿಯಲ್ಲಿ ಅಂದರೆ “ಆನ್ ದ ಥರ್ಡ್ ಫ್ಲೋರ್”, ಇನ್ ಅಲ್ಲ. ವೆಬ್‌ಸೈಟ್‌ನಲ್ಲಿ, ಫೋನಿನಲ್ಲಿ, ರಜೆಯಲ್ಲಿ, ಮೂರಕ್ಕೂ ಆನ್. ಊರಿಗೆ ಇನ್, ರಸ್ತೆಗೆ ಆನ್, ಮನೆ ನಂಬರಿಗೆ ಅಟ್ ಅಂತ ಇಟ್ಟುಕೊಂಡರೆ ಬಹುಪಾಲು ನಡೆಯುತ್ತದೆ. ತಪ್ಪಿದರೂ ಕೊರಿಯರ್‌ನವನು ಮಹಡಿ ಹತ್ತಿ ಬಂದೇ ಬರುತ್ತಾನೆ.

ಲಕ್ಷಣ: ತಾರೀಖು ಕೊಟ್ಟಿದ್ದೀವಿ, ಆದರೂ “ಯಾವಾಗ?” ಅಂತ ಮತ್ತೆ ಕೇಳುತ್ತಿದ್ದಾರೆ

ಇಲ್ಲಿಂದ ದೋಷ ಗಂಭೀರವಾಗುತ್ತದೆ. ಒಬ್ಬ ಗ್ರಾಹಕರಿಗೆ “ವಿ ವಿಲ್ ಡೆಲಿವರ್ ಅಂಟಿಲ್ 20 ಮಾರ್ಚ್” ಅಂತ ಬರೆದಿದ್ದೆ. ನನ್ನ ಮನಸ್ಸಿನಲ್ಲಿ ಇದ್ದದ್ದು “20ನೇ ತಾರೀಖಿನ ತನಕ ಟೈಮ್ ಇದೆ, ಅಷ್ಟರಲ್ಲಿ ಕೊಡ್ತೀವಿ” ಅಂತ. ಅವರು ಓದಿದ್ದು, ಇವತ್ತಿನಿಂದ 20ರ ತನಕ ದಿನಾ ಸ್ವಲ್ಪ ಸ್ವಲ್ಪ ಮಾಲು ಬರುತ್ತಾ ಇರುತ್ತೆ ಅಂತ. ನಾಲ್ಕನೇ ದಿನ ಫೋನ್ ಬಂತು: “ಮೊದಲನೇ ಲಾಟ್ ಎಲ್ಲಿ ಸಾರ್?”

ಚೀಟಿಯಲ್ಲಿ ಕನ್ನಡ ಬರೆದು ನೋಡಿ. ‘ಒಳಗೆ’ ಅಂತ ಬಂದರೆ ಬೈ. ‘ತನಕ’, ‘ವರೆಗೆ’ ಬಂದರೆ ಅಂಟಿಲ್, ಅಂದರೆ ಅಲ್ಲಿಯವರೆಗೂ ಕೆಲಸ ನಡೆಯುತ್ತಲೇ ಇರಬೇಕು. ನಮ್ಮ ಭಾಷೆಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದ ಇದೆ, ಅದನ್ನು ಬಳಸಿಕೊಳ್ಳದೆ ನಾವೇ ಎಡವುತ್ತೇವೆ.

“ಬೈ ಫ್ರೈಡೆ” ಅಂದರೆ ಶುಕ್ರವಾರವೂ ಸೇರಿತು. “ಬಿಫೋರ್ ಫ್ರೈಡೆ” ಅಂದರೆ ಗುರುವಾರಕ್ಕೇ ಮುಗಿಯಬೇಕು. “ಇನ್ ಟೂ ವೀಕ್ಸ್” ಇನ್ನೊಂದು ಗುಂಡಿ. ಓದುವವರು ಇದನ್ನು ‘ಎರಡು ವಾರ ಕಳೆದ ಮೇಲೆ’ ಅಂತ ತೆಗೆದುಕೊಳ್ಳುವುದೇ ಜಾಸ್ತಿ. ಎರಡು ವಾರದ ಒಳಗೆ ಅನ್ನಬೇಕಿದ್ದರೆ “ವಿದಿನ್ ಟೂ ವೀಕ್ಸ್” ಅನ್ನಿ. ಅದಕ್ಕಿಂತ ಒಳ್ಳೆಯದು, ತಾರೀಖನ್ನೇ ಬರೆದುಬಿಡುವುದು. ಪರದೇಶದ ಗ್ರಾಹಕರಾದರೆ ಗಂಟೆಯ ಪಕ್ಕ ನಮ್ಮ ಟೈಮೋ ಅವರ ಟೈಮೋ ಅಂತಲೂ ಬರೆಯಿರಿ.

‘ಇಂದ’ದ ಕಾಟ ಇಲ್ಲೂ ಇದೆ. ಎರಡು ವರ್ಷದಿಂದ ಸಪ್ಲೈ ಮಾಡ್ತಿದ್ದೀವಿ ಅನ್ನುವುದು “ಸಿನ್ಸ್ ಟೂ ಇಯರ್ಸ್” ಆಗಿಬಿಡುತ್ತದೆ. ‘ಇಂದ’ದ ಹಿಂದೆ ಇರುವುದು ಅಳತೆಯೋ ಆರಂಭವೋ ಕೇಳಿಕೊಳ್ಳಿ. ಎರಡು ವರ್ಷ ಅನ್ನುವುದು ಅಳತೆ, ಅದಕ್ಕೆ ಫಾರ್. 2022 ಅನ್ನುವುದು ಆರಂಭ, ಅದಕ್ಕೆ ಸಿನ್ಸ್. ಗಂಟೆಗೆ ಅಟ್, ದಿನಕ್ಕೆ ಆನ್, ತಿಂಗಳಿಗೆ ಇನ್, ಇದು ಸ್ಕೂಲಿನಲ್ಲೇ ಕಲಿತದ್ದು.

ಲಕ್ಷಣ: ಲೆಕ್ಕ ತಾಳೆ ಆಗುತ್ತಿಲ್ಲ

ಮೇಲ್‌ನಲ್ಲಿ ಅಂಕಿ ಇದ್ದರೆ, ಅದರ ಎಡಗಡೆ ಇರುವ ಪುಟ್ಟ ಪದವನ್ನು ಎರಡು ಸಲ ಓದಿ. ನನ್ನ ಅಭಿಪ್ರಾಯದಲ್ಲಿ ಇಡೀ ಆಫೀಸ್ ಇಂಗ್ಲಿಷಿನಲ್ಲಿ ಅತಿ ದುಬಾರಿ ಪ್ರಿಪೊಸಿಷನ್‌ಗಳು ಎರಡೇ: ಬೈ ಮತ್ತು ಟು. ಒಂದು ಎಷ್ಟು ಬದಲಾಯಿತು ಅಂತ ಹೇಳುತ್ತದೆ, ಇನ್ನೊಂದು ಎಲ್ಲಿಗೆ ಬಂದು ನಿಂತಿತು ಅಂತ.

ಇದನ್ನು ನನಗೆ ಸರಿಯಾಗಿ ಅರ್ಥ ಮಾಡಿಸಿದವರು ಲೇತ್ ಮೇಲೆ ಕೆಲಸ ಮಾಡುವ ನಮ್ಮ ಹಿರಿಯ ಟರ್ನರ್. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. 20 ಎಂಎಂ ರಾಡ್ ಕೈಯಲ್ಲಿ ಹಿಡಿದು ಕೇಳಿದರು: “ಹನ್ನೆರಡಕ್ಕೆ ಇಳಿಸ್ಲಾ, ಹನ್ನೆರಡು ಇಳಿಸ್ಲಾ?” ಹನ್ನೆರಡಕ್ಕೆ ಇಳಿಸಿದರೆ ಕೈಗೆ 12 ಎಂಎಂ ರಾಡ್ ಬರುತ್ತದೆ. ಹನ್ನೆರಡು ಇಳಿಸಿದರೆ 8 ಎಂಎಂ ಉಳಿಯುತ್ತದೆ, ಅದು ನೇರ ಸ್ಕ್ರ್ಯಾಪ್ ಡಬ್ಬಕ್ಕೆ. ಕನ್ನಡದಲ್ಲಿ ‘ಕ್ಕೆ’ ಅಥವಾ ‘ಗೆ’ ಇದ್ದರೆ ಟು. ಪ್ರತ್ಯಯ ಇಲ್ಲದೆ ಬರೀ ಅಂಕಿ ಇದ್ದರೆ ಬೈ. ಇದಕ್ಕಿಂತ ಸರಳ ಪರೀಕ್ಷೆ ನನಗೆ ಯಾವ ವ್ಯಾಕರಣ ಪುಸ್ತಕದಲ್ಲೂ ಸಿಕ್ಕಿಲ್ಲ.

ಪರ್ಸೆಂಟ್ ಬಂದರೆ ಇನ್ನೊಂದು ತೊಡಕು. 5 ಪರ್ಸೆಂಟ್ ಮಾರ್ಜಿನ್ “ಬೈ 8 ಪರ್ಸೆಂಟ್” ಏರಿತು ಅಂದರೆ 13 ಆಗಬಹುದು. ಲೆಕ್ಕದ ಮೇಷ್ಟ್ರನ್ನು ಕೇಳಿದರೆ 5ರ ಮೇಲೆ ನೂರಕ್ಕೆ ಎಂಟು, ಅಂದರೆ 5.4 ಅಂತಾರೆ. ನಾನು ಹೇಳಬೇಕಿದ್ದದ್ದು 8. ಒಂದೇ ವಾಕ್ಯ, ಮೂರು ಉತ್ತರ. ಹಾಗಾಗಿ ದರ, ಮಾರ್ಜಿನ್, ಬಡ್ಡಿ ಯಾವುದೇ ಇರಲಿ, “ಫ್ರಮ್ 5 ಪರ್ಸೆಂಟ್ ಟು 8 ಪರ್ಸೆಂಟ್” ಅಂತ ಎರಡೂ ತುದಿ ಬರೆಯಿರಿ.

ಬಿಲ್ಲಿನಲ್ಲಿ ಒಂದರ ದರಕ್ಕೆ ಅಟ್, ಒಟ್ಟು ಮೊತ್ತಕ್ಕೆ ಫಾರ್. “200 ಪೀಸಸ್ ಅಟ್ 45 ರುಪೀಸ್ ಈಚ್”, “ಇನ್‌ವಾಯ್ಸ್ ಫಾರ್ 9,000 ರುಪೀಸ್”. ರಿಯಾಯಿತಿ ಎಷ್ಟು ಅನ್ನುವುದಕ್ಕೆ ಆಫ್, ಯಾವುದರ ಮೇಲೆ ಅನ್ನುವುದಕ್ಕೆ ಆನ್: “ಎ ಡಿಸ್ಕೌಂಟ್ ಆಫ್ 5 ಪರ್ಸೆಂಟ್ ಆನ್ ದ ಟೋಟಲ್”. ಚೆಕ್ ಮೂಲಕ ಕೊಟ್ಟರೆ ಬೈ ಚೆಕ್, ನಗದಾದರೆ ಇನ್ ಕ್ಯಾಶ್.

ಕಂಪ್ಯೂಟರ್ ಕೆಂಪು ಗೆರೆ ಹಾಕಿಲ್ಲ ಅಂತ ಇಲ್ಲಿ ನಂಬಬೇಡಿ. ‘ಡಿಸ್ಕಸ್ ಅಬೌಟ್’ ಅಂದರೆ ಗ್ರಾಮರ್ ಸಾಫ್ಟ್‌ವೇರ್ ಹಿಡಿಯಬಹುದು. ‘ಬೈ 8’, ‘ಟು 8’ ಎರಡೂ ಒಳ್ಳೆಯ ಇಂಗ್ಲಿಷೇ. ನಿಮ್ಮ ಯಜಮಾನರು ಏನು ಹೇಳಿದರು ಅಂತ ಅದಕ್ಕೇನು ಗೊತ್ತು?

ಲಕ್ಷಣ: ಇಂಗ್ಲಿಷ್ ಸರಿ ಇದೆ, ಅರ್ಥ ಉಲ್ಟಾ ಹೊಡೆದಿದೆ

ಇದನ್ನು ಕಂಡುಹಿಡಿಯುವುದು ಕಷ್ಟ, ಏಕೆಂದರೆ ವಾಕ್ಯ ಓದಲು ಚೆನ್ನಾಗಿಯೇ ಇರುತ್ತದೆ.

ನಮ್ಮ ಸ್ಟೋರ್ಸ್‌ನಲ್ಲಿ ಹೆಚ್ಚು ಭಯ ಇರುವುದು ಸಬ್‌ಸ್ಟಿಟ್ಯೂಟ್ ಅನ್ನುವ ಪದದ ಮೇಲೆ. “ರಿಪ್ಲೇಸ್ ದ ಸ್ಟೀಲ್ ವಾಷರ್ ವಿತ್ ದ ಬ್ರಾಸ್ ವಾಷರ್” ಅಂದರೆ ಸ್ಟೀಲ್ ತೆಗೆದು ಹಿತ್ತಾಳೆ ಹಾಕಬೇಕು. “ಸಬ್‌ಸ್ಟಿಟ್ಯೂಟ್ ದ ಸ್ಟೀಲ್ ವಾಷರ್ ಫಾರ್ ದ ಬ್ರಾಸ್ ವಾಷರ್” ಅಂದರೆ ಹಿತ್ತಾಳೆ ತೆಗೆದು ಸ್ಟೀಲ್ ಹಾಕಬೇಕು. ಸಾಮಾನಿನ ಕ್ರಮ ಒಂದೇ, ಕೆಲಸ ತದ್ವಿರುದ್ಧ. ಪಾರ್ಟ್ ನಂಬರ್ ಇರುವ ಮೇಲ್‌ನಲ್ಲಿ ನಾನು ಸಬ್‌ಸ್ಟಿಟ್ಯೂಟ್ ಬಳಸುವುದನ್ನೇ ಬಿಟ್ಟಿದ್ದೇನೆ. “ರಿಮೂವ್ ದಿಸ್, ಫಿಟ್ ದಟ್” ಅಂತ ಎರಡು ವಾಕ್ಯ ಬರೆಯುತ್ತೇನೆ.

“ರಿಸಲ್ಟೆಡ್ ಇನ್ ಎ ಲಾಸ್” ಅಂದರೆ ನಷ್ಟಕ್ಕೆ ಕಾರಣವಾಯಿತು. “ರಿಸಲ್ಟೆಡ್ ಫ್ರಮ್ ಎ ಲಾಸ್” ಅಂದರೆ ನಷ್ಟದಿಂದ ಹುಟ್ಟಿತು. ಇಲ್ಲಿ ಕನ್ನಡದ ‘ಇಂದ’ ಸರಿಯಾಗಿ ದಾರಿ ತೋರಿಸುತ್ತದೆ.

ಅಗ್ರೀ ವಿಷಯದಲ್ಲಿ ಎದುರಿಗೆ ಯಾರು ಅಥವಾ ಏನು ಇದೆ ನೋಡಿ. ವ್ಯಕ್ತಿಗೆ ವಿತ್, ಪ್ರಸ್ತಾಪಕ್ಕೆ ಟು, ಇಬ್ಬರೂ ಕೂತು ತೀರ್ಮಾನಿಸಿದ್ದಕ್ಕೆ ಆನ್. “ವಿ ಅಗ್ರೀ ವಿತ್ ಯು” ಅಂದರೆ ನಿಮ್ಮ ಮಾತು ನಿಜ ಅಂದ ಹಾಗೆ, ದರ ಒಪ್ಪಿದ ಹಾಗಲ್ಲ. “ವಿ ಅಗ್ರೀ ಟು ದ ರೇಟ್” ಅಂದರೆ ಒಪ್ಪಿಗೆ. ಮಾತುಕತೆ ಇನ್ನೂ ನಡೆಯುತ್ತಿದ್ದರೆ ಈ ಟು ಬೆರಳ ತುದಿಯಿಂದ ಜಾರದ ಹಾಗೆ ನೋಡಿಕೊಳ್ಳಿ. ಸ್ಪೇರ್ ಪಾರ್ಟ್ಸ್ ಮಾರುವವರು “ಡೀಲ್ ಇನ್” ಸ್ಪೇರ್ಸ್, ಗ್ರಾಹಕರ ಜೊತೆ ವ್ಯವಹರಿಸುವವರು “ಡೀಲ್ ವಿತ್” ಕಸ್ಟಮರ್ಸ್. ಕೆಲಸಕ್ಕೆ ರೆಸ್ಪಾನ್ಸಿಬಲ್ ಫಾರ್, ಮ್ಯಾನೇಜರ್‌ಗೆ ರೆಸ್ಪಾನ್ಸಿಬಲ್ ಟು.

ಲಕ್ಷಣ: ‘ಟು’ ಆದಮೇಲೆ ಕ್ರಿಯಾಪದ ಅಡ್ಡಾದಿಡ್ಡಿ

“ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು” ಅಲ್ಲ, “ಟು ಹಿಯರಿಂಗ್”. ಪರೀಕ್ಷೆ: ಟು ಆದಮೇಲೆ “ಯುವರ್ ರಿಪ್ಲೈ” ಇಟ್ಟು ನೋಡಿ. ವಾಕ್ಯ ನಿಂತರೆ ಆ ಟು ಪ್ರಿಪೊಸಿಷನ್, ಕ್ರಿಯಾಪದಕ್ಕೆ ‘ಇಂಗ್’ ಬೇಕು. ಕಮಿಟೆಡ್ ಟು, ಆಬ್ಜೆಕ್ಟ್ ಟು ಕೂಡ ಇದೇ ಜಾತಿ.

ಲಕ್ಷಣ: ಸಿದ್ಧ ನುಡಿಗಟ್ಟು ಮುರಿದಿದೆ

“ವಿತ್ ರಿಗಾರ್ಡ್ಸ್ ಟು” ಅಲ್ಲ, “ವಿತ್ ರಿಗಾರ್ಡ್ ಟು”. ಆ ಕೊನೆಯ ‘ಸ್’ ಪತ್ರದ ಕೆಳಗೆ ಹೆಸರಿನ ಮೇಲೆ ಬರುವ ರಿಗಾರ್ಡ್ಸ್‌ಗೆ ಸೇರಿದ್ದು. “ಕೋಪ್ ಅಪ್ ವಿತ್” ಅಲ್ಲ, ಕೋಪ್ ವಿತ್. ಕಂಪ್ರೈಸ್‌ಗೆ ಆಫ್ ಬೇಡ, ಕನ್ಸಿಸ್ಟ್‌ಗೆ ಬೇಕು.

ಇನ್ನು ಅಮೆರಿಕದ ಗ್ರಾಹಕರು “ಮಂಡೇ ಥ್ರೂ ಫ್ರೈಡೆ” ಅಂತಲೋ “ಡಿಫರೆಂಟ್ ದ್ಯಾನ್” ಅಂತಲೋ ಬರೆದರೆ ತಿದ್ದಲು ಹೋಗಬೇಡಿ. ಅದು ಅವರ ಕಡೆಯ ರೂಢಿ, ದೋಷ ಅಲ್ಲ. ಆ ಥ್ರೂ ನಿಜಕ್ಕೂ ಒಳ್ಳೆಯದು, ಶುಕ್ರವಾರವೂ ಸೇರಿದೆ ಅಂತ ಖಚಿತವಾಗಿ ಹೇಳುತ್ತದೆ.

ಇಲ್ಲಿ ನಿಲ್ಲಿಸಿ, ತಿಳಿದವರನ್ನು ಕೇಳಿ

ಕಾನೂನು ಮತ್ತು ಬ್ಯಾಂಕಿನ ಕಾಗದಗಳಲ್ಲಿ ಪ್ರಿಪೊಸಿಷನ್‌ಗೆ ನಿಘಂಟಿನ ಅರ್ಥ ನಡೆಯುವುದಿಲ್ಲ, ನಿಯಮದಲ್ಲಿ ಬರೆದ ಅರ್ಥ ನಡೆಯುತ್ತದೆ. ನಮ್ಮ ದೇಶದ 1897ರ ಜನರಲ್ ಕ್ಲಾಜಸ್ ಆ್ಯಕ್ಟ್‌ನ 9ನೇ ಸೆಕ್ಷನ್ ಪ್ರಕಾರ, ಕೇಂದ್ರದ ಕಾಯ್ದೆಗಳಲ್ಲಿ ದಿನ ಎಣಿಸುವಾಗ ‘ಫ್ರಮ್’ ಅಂದರೆ ಮೊದಲ ದಿನ ಬಿಡಬೇಕು, ‘ಟು’ ಅಂದರೆ ಕೊನೆಯ ದಿನ ಸೇರಿಸಬೇಕು.

ರಫ್ತು ಮಾಡುವವರು ಲೆಟರ್ ಆಫ್ ಕ್ರೆಡಿಟ್, ಅಂದರೆ ಕಾಗದ ಸರಿ ಇದ್ದರೆ ದುಡ್ಡು ಕೊಡ್ತೀವಿ ಅಂತ ಕೊಳ್ಳುವವರ ಬ್ಯಾಂಕ್ ಕೊಡುವ ಭರವಸೆ ಪತ್ರ, ನೋಡಿದ್ದೀರಿ ಅಲ್ವಾ? ಅದಕ್ಕೆ ಅನ್ವಯಿಸುವ ಯುಸಿಪಿ 600 ಅನ್ನುವ ಅಂತರರಾಷ್ಟ್ರೀಯ ನಿಯಮಗಳು 2007ರ ಜುಲೈ 1ರಿಂದ ಜಾರಿಯಲ್ಲಿವೆ. ಅದರ ಮೂರನೇ ಕಲಮಿನಲ್ಲಿ ‘ಫ್ರಮ್’ಗೆ ಎರಡು ಮುಖ. ಮಾಲು ಹಡಗಿಗೆ ಹಾಕುವ ಅವಧಿ ಹೇಳುವಾಗ ‘ಫ್ರಮ್ 10 ಮಾರ್ಚ್’ ಅಂದರೆ 10 ಸೇರಿತು. ದುಡ್ಡು ಪಾವತಿಯ ಗಡುವು ಎಣಿಸುವಾಗ ಅದೇ ಫ್ರಮ್ ಆ ದಿನವನ್ನು ಹೊರಗಿಡುತ್ತದೆ. ‘ಆನ್ ಆರ್ ಅಬೌಟ್ 20 ಮಾರ್ಚ್’ ಅಂದರೆ 15ರಿಂದ 25ರವರೆಗೆ, ಎರಡೂ ದಿನ ಸೇರಿ. ‘ಅಬೌಟ್’ ಅನ್ನುವ ಸಡಿಲ ಪದಕ್ಕೂ ಅಲ್ಲಿ ಇಷ್ಟು ಬಿಗಿ ಅಳತೆ.

ಇಂಥವರಿಗೆ ಇಷ್ಟು ದುಡ್ಡು ಕೊಡಿ ಅಂತ ಬರೆಯುವ ಬಿಲ್ ಆಫ್ ಎಕ್ಸ್‌ಚೇಂಜ್‌ಗಳಿಗೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್ ಇದೆ. ‘ಅಟ್ ಸೈಟ್’ ಅಂದರೆ ಕೇಳಿದ ತಕ್ಷಣ ಕೊಡಬೇಕಾದ್ದು. ‘ಆಫ್ಟರ್ ಸೈಟ್’ ಬಂದರೆ ಸಾಮಾನ್ಯವಾಗಿ ಆ ಬಿಲ್‌ಗೆ ಒಪ್ಪಿಗೆ ಬಿದ್ದ ಮೇಲೆ ದಿನದ ಎಣಿಕೆ ಶುರು. ಮಂಗಳೂರು ಬಂದರಿನಿಂದ ಕಾಫಿ ಕಳಿಸುವವರ ಕಾಗದದಲ್ಲಿ ಬರುವ ‘ಫ್ರೀ ಆನ್ ಬೋರ್ಡ್’ ಕೂಡ ಹಾಗೇ. ಮಾಲಿಗೆ ಏನಾದರೂ ಆದರೆ ಹೊಣೆ ಯಾರದು ಅನ್ನುವುದು ಆ ಆನ್ ಮೇಲೆ ನಿಂತಿದೆ. ಇಂಥ ವ್ಯಾಪಾರ ಪದಗಳ ಅರ್ಥ ಹೇಳುವ ಅಂತರರಾಷ್ಟ್ರೀಯ ನಿಯಮಾವಳಿ ಇನ್‌ಕೋಟರ್ಮ್ಸ್‌ನ ಹಳೆಯ ಆವೃತ್ತಿಗಳಲ್ಲಿ ಮಾಲು ಹಡಗಿನ ಕಟಕಟೆ ದಾಟಿದ ಕ್ಷಣಕ್ಕೆ ಹೊಣೆ ಕೊಳ್ಳುವವರಿಗೆ ಹೋಗುತ್ತಿತ್ತು. 2010ರ ಆವೃತ್ತಿಯಿಂದ ಹಡಗಿನ ಮೇಲೆ ಇಟ್ಟಮೇಲೆಯೇ.

ಇಂಥ ಕಾಗದದಲ್ಲಿ ಅನುಮಾನ ಬಂದರೆ ಬ್ಯಾಂಕಿನ ಫಾರಿನ್ ಎಕ್ಸ್‌ಚೇಂಜ್ ವಿಭಾಗದವರನ್ನೋ ವಕೀಲರನ್ನೋ ಕೇಳಿ. ತಪ್ಪು ಇಂಗ್ಲಿಷ್ ಅನ್ನಿಸಿದರೂ ಹಾಗೇ ಬಿಡಿ.

ಮೇಲ್ ಆಗಲೇ ಹೋಗಿಬಿಟ್ಟಿದ್ದರೆ

ಮೊದಲಿನ ಮೇಲ್‌ಗೇ ರಿಪ್ಲೈ ಆಗಿ, ಅದೇ ದಿನ, ಎರಡು ಸಾಲು ಕಳಿಸಿ. ಇಂಗ್ಲಿಷ್ ತಪ್ಪಾಯ್ತು, ಟೈಪಿಂಗ್ ತಪ್ಪಾಯ್ತು ಅಂತ ಕಥೆ ಬೇಡ. “ಪ್ಲೀಸ್ ರೀಡ್ ‘ಬೈ 8 ಪರ್ಸೆಂಟ್’ ಆಸ್ ‘ಫ್ರಮ್ 5 ಪರ್ಸೆಂಟ್ ಟು 8 ಪರ್ಸೆಂಟ್’” ಅಂತ ಬರೆದು, ಜೊತೆಗೆ ಒಂದು ಬಿಲ್ಲಿನ ಲೆಕ್ಕ ಮಾಡಿ ತೋರಿಸಿ. ಅವರಿಂದ “ಓಕೆ” ಅಂತ ಬರಹದಲ್ಲಿ ಬರುವ ತನಕ ಬಿಡಬೇಡಿ, ಫೋನ್ ಮಾಡಿಯಾದರೂ ಸರಿ.

ನಾನು ಇದನ್ನು ಮಾಡಿದ್ದು ಒಂದು ತಿಂಗಳು ತಡವಾಗಿ. ಡೀಲರ್ ಫೋನಿನಲ್ಲಿ ನಕ್ಕರು, “ಮುಂದಿನ ತಿಂಗಳಿಂದ ಎಂಟೇ ಹಿಡಿಯೋಣ ಬಿಡಿ” ಅಂದರು. ಆ ತಿಂಗಳಿನದು ಮಾತ್ರ 13 ಪರ್ಸೆಂಟೇ ಹೋಯಿತು.